ಹಿಂದಿನಿಂದ ಬರೆದ ಪುಸ್ತಕಗಳು

ಯಾರದೇ ನೋಟ್‌ಬುಕ್ ಕೈಗೆ ಸಿಗಲಿ, ನಾನು ಅದನ್ನು ಬೋರಲು ಹಾಕಿ ಹಿಂದಿನಿಂದ ತೆರೆಯುತ್ತೇನೆ. ಮುಂದೆ ಏನಿರುತ್ತದೆಂದು ಎಲ್ಲರಿಗೂ ಗೊತ್ತು. ನಡು ನೆತ್ತಿಯಲ್ಲೊಂದು ಶ್ರೀಕಾರ, ಅದರ ಕೆಳಗೆ ಗುಂಡಗೆ ಬರೆದ ಹೆಸರು, ತರಗತಿ, ವಿಷಯ, ಅಡಿಯಲ್ಲಿ ಸ್ಕೇಲಿಟ್ಟು ಎಳೆದ ಎರಡು ಗೆರೆ. ಮೊದಲ ನಾಲ್ಕು ಹಾಳೆಗಳಲ್ಲಿ ಅಕ್ಷರಗಳೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿರುತ್ತವೆ. ಹಿಂದಿನ ಪುಟಕ್ಕೆ ಆ ಶಿಸ್ತಿಲ್ಲ. ಪೆನ್ನಿನಲ್ಲಿ ಮಸಿ ಬರುತ್ತದೋ ಇಲ್ಲವೋ ಎಂದು ಸುತ್ತಿದ ಸುರುಳಿಗಳು, ಯಾವುದಕ್ಕೋ ಮಾಡಿದ ಗುಣಾಕಾರ, ಹೆಸರಿಲ್ಲದ ಒಂದು ಫೋನ್ ನಂಬರು, ಸಂಜೆಯ ಕೊನೇ ಬಸ್ಸಿನ ಹೊತ್ತು, ಅರ್ಧಕ್ಕೆ ಬಿಟ್ಟ ಒಂದು ಮುಖ. ಪುಸ್ತಕದ ಒಡೆಯ ಅಥವಾ ಒಡತಿ ಅಲ್ಲಿ ಸಿಗುತ್ತಾರೆ. ಮುಂದಿನ ಪುಟ ಮೇಷ್ಟರಿಗಾಗಿ ಬರೆದದ್ದು.

ನಮ್ಮ ಶಾಲೆಯಲ್ಲಿ ಹಿಂದಿನ ಪುಟಕ್ಕೆ ಅದರದೇ ಆದ ವೇಳಾಪಟ್ಟಿ ಇತ್ತು. ಮೇಷ್ಟರು ಬರುವುದು ತಡವಾದರೆ ಚುಕ್ಕಿ ಸೇರಿಸಿ ಮನೆ ಕಟ್ಟುವ ಆಟ. ಮಳೆ ಜೋರಾಗಿ ಹೆಂಚಿನ ಸದ್ದಿಗೆ ಪಾಠ ಕೇಳಿಸದಂತಾದರೆ ಹೆಸರು, ಊರು, ಪ್ರಾಣಿ, ವಸ್ತು. ನಾಲ್ಕು ಜನ ಸೇರಿದರೆ ರಾಜ, ಮಂತ್ರಿ, ಕಳ್ಳ, ಪೊಲೀಸ್. ಚೀಟಿ ಎತ್ತಿದವನಿಗೆ ರಾಜ ಬಂದರೆ ಸಾವಿರ, ಕಳ್ಳ ಬಂದರೆ ಸೊನ್ನೆ. ಆ ಅಂಕಗಳನ್ನು ಕೂಡಿಸಿಟ್ಟ ಕಂಬಸಾಲುಗಳು ಎಷ್ಟು ಉದ್ದವಿರುತ್ತಿದ್ದವೆಂದರೆ, ಲೆಕ್ಕದ ಪುಸ್ತಕದ ಮುಂದಿನ ಭಾಗದಲ್ಲಿ ಮಾಡಿದ ಕೂಡುವ ಲೆಕ್ಕಕ್ಕಿಂತ ಹಿಂದಿನ ಭಾಗದಲ್ಲಿ ಮಾಡಿದ್ದೇ ಹೆಚ್ಚು, ತಪ್ಪೂ ಕಡಿಮೆ. ಕಳ್ಳನಾಗಿದ್ದವನು ತನ್ನ ಮೊತ್ತವನ್ನು ಬೇರೆಯವರು ಕೂಡಿದರೆ ಒಪ್ಪುತ್ತಿರಲಿಲ್ಲವಲ್ಲ.

ನಮಗೊಬ್ಬರು ಗಣಿತದ ಮೇಷ್ಟರಿದ್ದರು. ಅವರು ಪುಸ್ತಕ ತಿದ್ದುವಾಗ ಉತ್ತರ ನೋಡಿ ಸುಮ್ಮನಾಗುತ್ತಿರಲಿಲ್ಲ. ತಿರುಗಿಸಿ ಕೊನೆಯ ಹಾಳೆಗೆ ಹೋಗಿ ಕಚ್ಚಾ ಲೆಕ್ಕ ಹುಡುಕುತ್ತಿದ್ದರು. "ಇಲ್ಲಿ ದಾರಿ ಸರಿ ಉಂಟಲ್ಲೋ, ಅಲ್ಲಿ ಹೋಗಿ ಎಂತಕೆ ಎಡವಿದೆ?" ಎಂದು ಕೇಳಿ, ಆ ಗೀಚುವಿಕೆಯ ಪಕ್ಕದಲ್ಲೇ ಒಂದು ಕೆಂಪು ಸರಿ ಗುರುತು ಹಾಕಿ ಕೊಡುತ್ತಿದ್ದರು. ಹಿಂದಿನ ಪುಟಕ್ಕೂ ಸರಿ ಗುರುತು ಬೀಳುವುದನ್ನು ನಾನು ಕಂಡದ್ದು ಅವರೊಬ್ಬರಿಂದಲೇ. ಒಬ್ಬ ಹುಡುಗ ಯೋಚಿಸುತ್ತಿರುವಾಗ ಅವನ ಕೈ ಏನು ಮಾಡುತ್ತದೆಂದು ನೋಡುವ ಮನಸ್ಸು ಅವರಿಗಿತ್ತು. ಈಗ ನೆನೆದರೆ ಅದಕ್ಕಿಂತ ದೊಡ್ಡ ಪಾಠ ಯಾವ ಮೇಷ್ಟರೂ ಮಾಡಲಿಲ್ಲ ಅನ್ನಿಸುತ್ತದೆ.

ಜೂನ್ ತಿಂಗಳೆಂದರೆ ಹೊಸ ನೋಟ್‌ಬುಕ್ಕಿನ ವಾಸನೆ. ನಮ್ಮ ಕಡೆ ಆ ವಾಸನೆಗೂ ಮಣ್ಣಿಗೂ ನೇರ ಸಂಬಂಧವಿತ್ತು. ಮಲೆನಾಡಿನ ಬಿದಿರು ಲಾರಿಯೇರಿ ಭದ್ರಾವತಿಗೆ ಹೋಗುವುದನ್ನು ನೋಡುತ್ತಲೇ ಬೆಳೆದವರು ನಾವು. 1936ರಲ್ಲಿ ಶುರುವಾದ ಅಲ್ಲಿನ ಕಾಗದ ಕಾರ್ಖಾನೆ ಈಗ ಬಾಗಿಲು ಹಾಕಿಕೊಂಡಿದೆ. ರೈಲಿನಲ್ಲಿ ಆ ಊರು ದಾಟುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎದುರಿನ ಗುಡ್ಡದಲ್ಲಿ ಬೆಳೆದ ಬಿದಿರು ಎಲ್ಲೋ ಒಂದು ಕಡೆ ನಾಲ್ಕು ಗೆರೆಯ ಕಾಪಿ ಪುಸ್ತಕವಾಗುತ್ತದೆಂಬ ತಿಳಿವಳಿಕೆ ಒಂದು ಮಗುವಿಗೆ ಕೊಡುತ್ತಿದ್ದ ಹೆಮ್ಮೆ ಸಣ್ಣದಲ್ಲ.

ಹೊಸ ಪುಸ್ತಕಕ್ಕೆ ಬೈಂಡು ಹಾಕುವುದು ದೊಡ್ಡವರ ಕೆಲಸ. ಅಂಗಡಿಯ ಖಾಕಿ ಕಾಗದ ಎಲ್ಲ ಪುಸ್ತಕಕ್ಕೂ ಸಾಲುತ್ತಿರಲಿಲ್ಲವಾದ್ದರಿಂದ ಉಳಿದವಕ್ಕೆ ಹಳೆಯ ಕ್ಯಾಲೆಂಡರು. ವಿಜ್ಞಾನಕ್ಕೆ ಲಕ್ಷ್ಮಿ ಬಂದರೆ ಸಮಾಜಕ್ಕೆ ಶಿವ ಪಾರ್ವತಿ, ಚಿತ್ರ ಒಳಕ್ಕೆ, ಬಿಳಿ ಹೊರಕ್ಕೆ. ನಡುವಿನ ಪಿನ್ನಿನ ಕುರಿತ ಎಚ್ಚರಿಕೆಯನ್ನೂ ಆಗಲೇ ಹೇಳುತ್ತಿದ್ದರು: ಮುಂದಿನ ಅರ್ಧದಲ್ಲಿ ಒಂದು ಹಾಳೆ ಕಿತ್ತರೆ ಹಿಂದಿನ ಅರ್ಧದಲ್ಲಿ ಅದರ ಜೋಡಿ ಸಡಿಲವಾಗುತ್ತದೆ. ಜುಲೈಯಲ್ಲಿ ದೋಣಿ ಬಿಡಲು ಕಿತ್ತ ಹಾಳೆಯ ಲೆಕ್ಕ ಜನವರಿಯಲ್ಲಿ ಹೊರಗೆ ಬೀಳುತ್ತಿತ್ತು, ಆ ಹೊತ್ತಿಗೆ ಅದರಲ್ಲಿ ಅಶೋಕ ಚಕ್ರವರ್ತಿಯ ಸಾಧನೆಗಳು ಬರೆದಾಗಿರುತ್ತಿದ್ದವು.

ಪರೀಕ್ಷೆ ಮುಗಿದ ಮೇಲೆ ಅಜ್ಜಿಯ ಕೆಲಸ ಶುರು. ಎಲ್ಲ ಮಕ್ಕಳ ಪುಸ್ತಕಗಳನ್ನೂ ಜಗುಲಿಯಲ್ಲಿ ರಾಶಿ ಹಾಕಿಸಿ, ಬರೆಯದೆ ಉಳಿದ ಹಾಳೆಗಳನ್ನು ಬಿಡಿಸಿ, ಅಂಚು ಕೂಡಿಸಿ, ದಬ್ಬಣದಲ್ಲಿ ತೂತು ಮಾಡಿ ಗೋಣಿದಾರದಲ್ಲಿ ಹೊಲಿಯುತ್ತಿದ್ದಳು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬರೆದ ಹಾಳೆ ಯಾವುದು, ಬರೆಯದ್ದು ಯಾವುದು ಎಂದು ಮಾತ್ರ ತಪ್ಪದೆ ಗೊತ್ತಾಗುತ್ತಿತ್ತು. ಹೊಲಿದ ಪುಸ್ತಕದಲ್ಲಿ ಎರಡು ಗೆರೆ, ನಾಲ್ಕು ಗೆರೆ, ಒಂಟಿ ಗೆರೆ, ಚೌಕುಳಿ ಎಲ್ಲ ಒಂದರ ಹಿಂದೆ ಒಂದು ಬರುತ್ತಿದ್ದವು. ಅದು ಮುಂದಿನ ವರ್ಷದ ರಫ್ ಪುಸ್ತಕ. ಅಂಗಡಿಯಿಂದ ತಂದ ರಫ್ ಪುಸ್ತಕ ಹಿಡಿದು ಬರುವ ಮಕ್ಕಳ ಬಗ್ಗೆ ನನಗೆ ಆಗಲೂ ಅಸೂಯೆ ಹುಟ್ಟಲಿಲ್ಲ, ಏಕೆಂದರೆ ಚೌಕುಳಿ ಹಾಳೆ ಎದುರಾದ ದಿನ ನನ್ನ ಅಕ್ಷರ ಅಷ್ಟಷ್ಟೇ ಅಂತರ ಕಾಯ್ದುಕೊಂಡು ಮೆರವಣಿಗೆ ಹೋಗುತ್ತಿತ್ತು. ನಾಲ್ಕು ಗೆರೆಯ ದಿನ ಕನ್ನಡವೂ ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗೆ ಇರುತ್ತಿತ್ತು.

ಅಮ್ಮನ ಹಾಡಿನ ಪುಸ್ತಕ ಹುಟ್ಟಿದ್ದೂ ಹಾಗೆ ಉಳಿದದ್ದರಿಂದಲೇ. ಚಿಕ್ಕಪ್ಪ ಪಿ.ಯು.ಸಿ. ಓದುವಾಗಿನ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕ ಅದು, ದಪ್ಪ ರಟ್ಟಿನದು. ಒಂದು ಪಕ್ಕ ಗೆರೆ ಹಾಕಿದ ಹಾಳೆ, ಎದುರು ಪಕ್ಕ ಚಿತ್ರ ಬರೆಯಲು ಖಾಲಿ ಹಾಳೆ. ಮುಂದಿನ ಕೆಲವು ಪುಟಗಳಲ್ಲಿ ಜಿರಲೆಯ ಬಾಯಿಯ ಭಾಗಗಳು, ದಾಸವಾಳದ ಸೀಳುನೋಟ. ಅಮ್ಮ ಅದನ್ನು ತಿರುಗಿಸಿ ಹಿಡಿದು ಹಿಂದಿನಿಂದ ತನ್ನ ಪುಸ್ತಕ ಮಾಡಿಕೊಂಡಳು. ಗೆರೆಯಿದ್ದ ಪಕ್ಕದಲ್ಲಿ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಎಣ್ಣೆ ಶಾಸ್ತ್ರದ ಹಾಡು, ದಾಸರ ಪದ. ಖಾಲಿ ಪಕ್ಕದಲ್ಲಿ ರಂಗೋಲಿ: ಮೇಲೆ 15-8 ಸಂದು ಚುಕ್ಕಿ ಎಂದು ಬರೆದು ಕೆಳಗೆ ಪೆನ್ಸಿಲಿನಲ್ಲಿ ಬಿಡಿಸಿದ ಹೂಬಳ್ಳಿ. ಜೀವಶಾಸ್ತ್ರದ ಇಲಾಖೆಯವರು ಬೇರೆ ಏನೋ ಎಣಿಸಿ ಮಾಡಿದ ಆ ವ್ಯವಸ್ಥೆ ಅಮ್ಮನ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ಆ ಪುಸ್ತಕ ಊರಲ್ಲಿ ತಿರುಗಾಡಿದಷ್ಟು ನಮ್ಮ ಮನೆಯವರು ಯಾರೂ ತಿರುಗಾಡಿಲ್ಲ. ಎಲ್ಲಿ ಮದುವೆ ನಿಶ್ಚಯವಾದರೂ ಹುಡುಗಿಯ ಅತ್ತೆಯೋ ಚಿಕ್ಕಮ್ಮನೋ ಬಂದು ಒಯ್ಯುತ್ತಿದ್ದರು. ಮರಳಿ ಬಂದಾಗ ಅದರಲ್ಲಿ ಬೇರೆ ಕೈಬರಹದ ಒಂದೋ ಎರಡೋ ಹಾಡು ಹೊಸದಾಗಿ ಸೇರಿರುತ್ತಿತ್ತು, ಕೆಲವೊಮ್ಮೆ ಇದ್ದ ಹಾಡಿನ ಪಕ್ಕ "ನಮ್ಮಲ್ಲಿ ಇದರ ಮೂರನೇ ನುಡಿ ಬೇರೆ" ಎಂದು ಬರೆದು ಆ ನುಡಿಯನ್ನೂ ಕೊಟ್ಟಿರುತ್ತಿದ್ದರು. ರಟ್ಟಿನ ಮೇಲೆ ಅರಿಶಿನದ ಬೆರಳಚ್ಚು ಬೀಳದ ಜಾಗವಿಲ್ಲ. ಹಾಡು ಬಾಯಲ್ಲೇ ಇರಬೇಕು, ಬರೆದರೆ ಸತ್ತುಹೋಗುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನಮ್ಮೂರಲ್ಲಿ ಅದು ನಿಜವಾಗಲಿಲ್ಲ. ಹಾಡುವ ಹೊತ್ತಿಗೆ ಪುಸ್ತಕ ಒಬ್ಬರ ತೊಡೆಯ ಮೇಲೆ ತೆರೆದೇ ಇರುತ್ತಿತ್ತು, ಯಾರೂ ಅದರತ್ತ ನೋಡುತ್ತಿರಲಿಲ್ಲ. ಮರೆತರೆ ಇದೆಯಲ್ಲ ಎಂಬ ಧೈರ್ಯಕ್ಕೇ ಎಲ್ಲ ನುಡಿಗಳೂ ನೆನಪಾಗಿಬಿಡುತ್ತಿದ್ದವು.

ಇಸವಿ ತಾರೀಕು ಅಚ್ಚಾದ ಡೈರಿಗಳ ಕತೆಯೇ ಬೇರೆ. ಜನವರಿಯಲ್ಲಿ ವಿಮೆಯವರು, ಗೊಬ್ಬರದ ಅಂಗಡಿಯವರು ಕೊಡುತ್ತಿದ್ದ ಆ ಡೈರಿಗಳಲ್ಲಿ ದಿನಚರಿ ಬರೆದವರನ್ನು ನಾನು ನಮ್ಮ ಬಂಧುಬಳಗದಲ್ಲಿ ಕಾಣೆ. ಆದರೆ ಒಂದು ಹಾಳೆಯನ್ನೂ ವ್ಯರ್ಥ ಮಾಡಿದವರನ್ನೂ ಕಾಣೆ. 1994ರ ಅಕ್ಟೋಬರ್ ತಿಂಗಳ ಪುಟಗಳಲ್ಲಿ 2001ರಲ್ಲಿ ನಡೆದ ಅಕ್ಕನ ಮದುವೆಯ ಸಾಮಾನಿನ ಪಟ್ಟಿ ಇದೆ: ತೊಗರಿಬೇಳೆ, ಸಕ್ಕರೆ, ಗಸಗಸೆ, ಬಾಳೆಲೆ, ಓಲಗದವರಿಗೆ ಮುಂಗಡ. ಗಾಂಧಿ ಜಯಂತಿ ಎಂದು ಕೆಂಪಗೆ ಅಚ್ಚಾದ ಪುಟದಲ್ಲಿ ಹಪ್ಪಳದ ಹಿಟ್ಟಿನ ಅಳತೆ. ಅಚ್ಚಿನ ತಾರೀಕಿಗೂ ಬರೆದ ತಾರೀಕಿಗೂ ತಾಳೆಯೇ ಇಲ್ಲ, ಹಾಗಿದ್ದೂ ಬೇಕಾದದ್ದು ಬೇಕಾದಾಗ ಸಿಗುತ್ತದೆ. ಉಪ್ಪಿನಕಾಯಿಯ ಅಳತೆ ಎಲ್ಲಿದೆ ಎಂದು ಕೇಳಿದರೆ ಅಮ್ಮ ಈಗಲೂ "ಹಸಿರು ಡೈರಿ, ಜುಲೈ ತಿಂಗಳಲ್ಲಿ ನೋಡು" ಎನ್ನುತ್ತಾಳೆ.

ಕಾಗದ ಬರುವ ಮೊದಲೂ ನಮ್ಮ ನಾಡಿನಲ್ಲಿ ಲೆಕ್ಕ ಬರೆಯುವವರಿದ್ದರು, ಅವರ ಪುಸ್ತಕ ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು ಒಣಗಿಸಿ, ಕತ್ತರಿಸದೆ ಅತ್ತಿತ್ತ ಮಡಿಸುತ್ತ ಹೋದರೆ ಕಪ್ಪು ಪುಟಗಳ ಪುಸ್ತಕವಾಗುತ್ತಿತ್ತು. ಬರೆಯುವುದು ಬಳಪದಿಂದ. 1810ರಲ್ಲಿ ಹೊರಬಂದ ಮೈಸೂರಿನ ಇತಿಹಾಸದ ಮೊದಲ ಸಂಪುಟದಲ್ಲಿ ಮಾರ್ಕ್ ವಿಲ್ಕ್ಸ್ ಇದನ್ನು ಅಳತೆ ಸಮೇತ ವಿವರಿಸಿದ್ದಾನೆ: ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ, ಎರಡೂ ತುದಿಗೆ ಬಣ್ಣ ಬಳಿದ ಮರದ ಹಲಗೆ. ಅಂಗಡಿಯವರು ವ್ಯಾಪಾರದ ಲೆಕ್ಕವನ್ನೂ ಶಾನುಭೋಗರು ಊರಿನ ಲೆಕ್ಕವನ್ನೂ ಇವುಗಳಲ್ಲೇ ಇಡುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಬಳಪದ ಅಕ್ಷರವನ್ನು ಒರೆಸಬಹುದು. ಒರೆಸಿ ಮತ್ತೆ ಬರೆಯಬಹುದು. ಅಷ್ಟು ಸುಲಭವಾಗಿ ಅಳಿಸಬಲ್ಲ ಬರಹ ನೂರಾರು ವರ್ಷ ಉಳಿದಿದೆ ಎಂದರೆ, ಅದನ್ನು ಬಿಚ್ಚಿದ, ಮಡಿಸಿದ, ಕಟ್ಟಿಟ್ಟ ಕೈಗಳೆಲ್ಲ ಎಷ್ಟು ಜತನದಿಂದ ಇದ್ದಿರಬೇಕು. ಇದನ್ನು ಯೋಚಿಸಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಅಳಿಸುವ ಮಾತು ಬಂದಾಗ ಶ್ರೀನಿವಾಸ ರಾಮಾನುಜನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಕಾಗದ ಕೊಳ್ಳುವ ಶಕ್ತಿಯಿಲ್ಲದ ಅವರು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಈ ಸಂಗತಿ ಎಲ್ಲರಿಗೂ ಗೊತ್ತಿದೆ. ನನಗೆ ಹತ್ತಿರವಾದದ್ದು ಇನ್ನೊಂದು. ಅವರ ಮೊದಲ ನೋಟ್‌ಬುಕ್ಕಿನಲ್ಲಿ ಹಾಳೆಯ ಒಂದೇ ಮಗ್ಗುಲಿಗೆ, ಅಧ್ಯಾಯ ಅಧ್ಯಾಯವಾಗಿ ಬರೆಯಲು ಹೊರಟಿದ್ದರು. ಆಮೇಲೆ ಪುಸ್ತಕದ ಕೊನೆಯಿಂದ ಶುರುಮಾಡಿ, ಖಾಲಿ ಬಿಟ್ಟ ಮಗ್ಗುಲುಗಳನ್ನು ಹಿಡಿದು ಮುಂದಕ್ಕೆ ಬರುತ್ತ, ಕಚ್ಚಾ ಲೆಕ್ಕಗಳನ್ನೂ ಹೊಸದಾಗಿ ಹೊಳೆದದ್ದನ್ನೂ ಬರೆಯತೊಡಗಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1957ರಲ್ಲಿ ಅವರ ನೋಟ್‌ಬುಕ್ಕುಗಳನ್ನು ಇದ್ದದ್ದು ಇದ್ದಂತೆ ಅಚ್ಚು ಹಾಕಿಸಿತು. ಗಣಿತಜ್ಞರು ಅವುಗಳ ಒಂದೊಂದು ಸಾಲಿಗೂ ಸಾಧನೆ ಹುಡುಕುತ್ತ ದಶಕಗಳನ್ನು ಕಳೆದರು. ಆ ಗಣಿತ ನನ್ನ ಅಳವಿಗೆ ಮೀರಿದ್ದು. ಆದರೆ ಪುಸ್ತಕವನ್ನು ತಿರುಗಿಸಿ ಹಿಡಿದು ಹಿಂದಿನಿಂದ ಬರೆಯಲು ಕುಳಿತ ಆ ಕೈ ನನಗೆ ಚೆನ್ನಾಗಿ ಪರಿಚಯದ್ದು. 1976ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ ಜಾರ್ಜ್ ಆಂಡ್ರೂಸ್ ಕಂಡುಹಿಡಿದ, "ಕಳೆದುಹೋದ ನೋಟ್‌ಬುಕ್" ಎಂದು ಹೆಸರಾದ ಬರಹವಂತೂ ಪುಸ್ತಕವೇ ಅಲ್ಲ, ಬಿಡಿ ಹಾಳೆಗಳ ಕಟ್ಟು. ಹೊಲಿಯಲು ಅಲ್ಲಿ ಅಜ್ಜಿ ಇರಲಿಲ್ಲ.

ಹೊಲಿಗೆಗೆ ಸಿಗದ ಹಾಳೆಗಳ ಗತಿ ನಮ್ಮೂರಲ್ಲಿ ಪೊಟ್ಟಣ. ಪೂರ್ತಿ ಬರೆದು ಮುಗಿದ ಪುಸ್ತಕಗಳು ತೂಕಕ್ಕೆ ಹೋಗಿ, ಸಂತೆಯ ದಿನ ಹುರಿಗಡಲೆಯನ್ನೋ ಶೇಂಗಾವನ್ನೋ ಹೊತ್ತು ಮರಳಿ ಬರುತ್ತಿದ್ದವು. ತಿಂದಾದ ಮೇಲೆ ಪೊಟ್ಟಣ ಬಿಚ್ಚಿ ಓದುವುದು ನನ್ನ ಅಭ್ಯಾಸ. ಗುರುತಿಲ್ಲದ ಯಾವುದೋ ಶಾಲೆಯ, ಗುರುತಿಲ್ಲದ ಯಾರದೋ ಉತ್ತರ. ದ್ಯುತಿಸಂಶ್ಲೇಷಣೆ ಎಂದರೇನು ಎಂಬುದು ಅರ್ಧಕ್ಕೆ ಕೊನೆಯಾಗಿ, ಉಳಿದರ್ಧ ಇನ್ಯಾರ ಕೈಯ ಪೊಟ್ಟಣದಲ್ಲೋ ಇರುತ್ತಿತ್ತು. ಅಲ್ಲೂ ಕೆಂಪು ಮಸಿಯ ಸಹಿ ಕಂಡರೆ ಆ ಮಗುವಿಗೆ ಬೈಸಿಕೊಳ್ಳುವುದು ತಪ್ಪಿತಲ್ಲ ಎಂದು ಸಮಾಧಾನವಾಗುತ್ತಿತ್ತು.

ಊರಿನ ಅಂಗಡಿಯಲ್ಲಿ ಉದ್ರಿ ಪುಸ್ತಕವೂ ಇತ್ತು. ಒಂದೇ ಲೆಕ್ಕಕ್ಕೆ ಎರಡು ಪುಸ್ತಕ: ಗಲ್ಲಾದ ಪಕ್ಕದ ಉದ್ದನೆಯದು ಅಂಗಡಿಯವರದು, ಜೇಬಿನಲ್ಲಿ ಹಿಡಿಸುವ ಸಣ್ಣದು ನಮ್ಮದು. ಸಾಮಾನು ತರಲು ಹೋಗುವಾಗ ಚೀಲದ ಜೊತೆ ಆ ಪುಟ್ಟ ಪುಸ್ತಕವನ್ನೂ ಒಯ್ಯಬೇಕು. ಅಂಗಡಿಯವರು ಎರಡರಲ್ಲೂ ಬರೆದು, ನಮ್ಮದನ್ನು ನಮ್ಮ ಕಡೆ ತಿರುಗಿಸಿ, ನೋಡಿಕೋ ಎನ್ನುತ್ತಿದ್ದರು. ಮೂರನೇ ಕ್ಲಾಸಿನ ಮಗುವಾದರೂ ಸರಿ, ನೋಡಿ ಹೂಂ ಅನ್ನದೆ ಸಾಮಾನು ಚೀಲಕ್ಕೆ ಬೀಳುತ್ತಿರಲಿಲ್ಲ. ಅಡಿಕೆ ಮಾರಿದ ಮೇಲೆ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಮೊತ್ತ ತಾಳೆ ನೋಡಿ, ಜಮಾ ಎಂದು ಬರೆದು, ಅಡ್ಡಗೆರೆ ಎಳೆದು, ಮಗುವಿನ ಕೈಗೆ ಬೆಲ್ಲದ ಚೂರು. ನನ್ನನ್ನು ದೊಡ್ಡವರ ಸಮಕ್ಕೆ ನಿಲ್ಲಿಸಿ ನಂಬಿದ ಮೊದಲ ಬರಹ ಅದು. ಇಂದು ಹಣ ಫೋನಿನಿಂದ ಫೋನಿಗೆ ಹಾರುತ್ತದೆ, ತಪ್ಪೂ ಆಗುವುದಿಲ್ಲ. ಆದರೆ ನೋಡಿಕೋ ಎಂದು ಯಾರೂ ತಿರುಗಿಸಿ ಹಿಡಿಯುವುದಿಲ್ಲ.

ದೊಡ್ಡಪ್ಪನ ಕಾಫಿ ತೋಟದ ಚೆಕ್‌ರೋಲ್ ಪುಸ್ತಕ ನಾನು ಕಂಡ ಪುಸ್ತಕಗಳಲ್ಲೆಲ್ಲ ಶ್ರೇಷ್ಠ. ಮುಂದಿನಿಂದ ಆಳಿನ ಹಾಜರಿ: ಹೆಸರಿನ ಎದುರು ಬಂದ ದಿನಕ್ಕೆ ಗೆರೆ, ಬಾರದ ದಿನಕ್ಕೆ ಸೊನ್ನೆ. ಹಿಂದಿನಿಂದ ಮಳೆ. ಅಂಗಳದ ಕಂಬದ ಮೇಲಿನ ಮಳೆ ಮಾಪಕವನ್ನು ಬೆಳಿಗ್ಗೆ ಕಾಫಿ ಕುಡಿದ ಮೇಲೆ ನೋಡಿ ಬರೆಯುವುದು. ಕಾಫಿ ಸೀಮೆಯಲ್ಲಿ ಮಿಲಿಮೀಟರು ಇಂದಿಗೂ ಮನೆಯೊಳಗೆ ಬಂದಿಲ್ಲ. ಅಲ್ಲಿ ಮಳೆಗೆ ಇಂಚು, ಇಂಚಿಗೆ ನೂರು ಸೆಂಟು. ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಹೂಮಳೆ ಬಿದ್ದ ಮರುದಿನ ಊರಿನ ಫೋನುಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತವೆ: "ನಿಮಗೆಷ್ಟು ಆಯ್ತು?" ನಮಗೆ ಎಪ್ಪತ್ತು ಸೆಂಟು ಆದರೆ ಗುಡ್ಡದಾಚೆಯವರಿಗೆ ಒಂದೂಕಾಲು ಇಂಚು. ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬಿಳಿ ಹೂವಾಗುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆಯೂ ಬರಬೇಕು, ಇಲ್ಲವಾದರೆ ಮಿಡಿ ನಿಲ್ಲುವುದಿಲ್ಲ. ಆ ದಿನಗಳಲ್ಲಿ ದೊಡ್ಡಪ್ಪ ದಿನಕ್ಕೆ ಹತ್ತು ಸಲ ಹಳೆಯ ವರ್ಷಗಳ ಪುಸ್ತಕ ಬಿಚ್ಚುತ್ತಿದ್ದರು. ಇಂಥ ವರ್ಷ ಬ್ಯಾಕಿಂಗ್ ತಡವಾದರೂ ಬೆಳೆ ಉಳಿದಿತ್ತಲ್ಲ ಎಂದು ಕಂಡುಕೊಂಡರೆ ಮುಖದಲ್ಲಿ ಸ್ವಲ್ಪ ನೆತ್ತರಾಡುತ್ತಿತ್ತು.

ಜುಲೈ ತಿಂಗಳಲ್ಲಿ ಈ ಪುಸ್ತಕದ ಎರಡು ತುದಿಗಳೂ ಒಂದೇ ಮಾತಾಡುತ್ತವೆ. ಹಿಂದೆ ಆರು ಇಂಚು, ಏಳು ಇಂಚು ಎಂದಿದ್ದರೆ ಮುಂದೆ ಆ ತಾರೀಕಿನ ಉದ್ದಕ್ಕೂ ಸೊನ್ನೆಗಳು: ಹಳ್ಳ ಬಂದಿದೆ, ಆಳು ದಾಟಲಾಗಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ, ಸಂಬಳ ಕೊಡುವುದು ಎಂದು ಬರೆದಿರುತ್ತಿತ್ತು. ಯಾರಿಗೂ ತೋರಿಸಲು ಬರೆದದ್ದಲ್ಲ. ದೊಡ್ಡಪ್ಪ ಏನೆಂದು ನಾನು ತಿಳಿದದ್ದು ಆ ಪೆನ್ಸಿಲ್ ಅಕ್ಷರಗಳಿಂದ.

ಅಪ್ಪಯ್ಯನೂ ದೊಡ್ಡಪ್ಪನೂ ಹಿಸ್ಸೆಯಾದಾಗ ಗದ್ದೆ, ತೋಟ, ಹಂಡೆ, ಕಡಾಯಿ ಎಲ್ಲ ಎರಡಾದವು, ಜಗಳವಿಲ್ಲದೆಯೇ ಆದವು. ಮುಯ್ಯಿ ಪುಸ್ತಕ ಮಾತ್ರ ಎರಡಾಗಲಿಲ್ಲ. ಮೂರು ತಲೆಮಾರಿನ ಮದುವೆಗಳಲ್ಲಿ ಚಪ್ಪರದ ಬಾಗಿಲ ಪಕ್ಕ ಮೇಜು ಹಾಕಿಕೊಂಡು ಕುಳಿತು, ಅಕ್ಷರ ಚೆನ್ನಾಗಿದ್ದ ಯಾರೋ ಒಬ್ಬರು ಬರೆದ ಪುಸ್ತಕ ಅದು. ನಾಲ್ಕು ಮೂಲೆಗೂ ಅರಿಶಿನ. ಒಳಗೆ ಊರು, ಮನೆ, ಯಜಮಾನರ ಹೆಸರು, ಎದುರಿಗೆ ಕೊಟ್ಟದ್ದು: ಹಿತ್ತಾಳೆ ಕೊಡಪಾನ, ತಪ್ಪಲೆ, ಗೋಡೆ ಗಡಿಯಾರ, 11, 51, 101. ಅವರ ಮನೆಯಲ್ಲಿ ಮದುವೆಯಾದಾಗ ಇದನ್ನು ನೋಡಿಯೇ ನಾವು ತಿರುಗಿ ಕೊಡುವುದು, ಒಂದು ಕೈ ಹೆಚ್ಚಾಗಿ. ಎರಡೂ ಮನೆಗೆ ಬೇಕಾದ ಪುಸ್ತಕ, ಹಾಗಾಗಿ ಇನ್ನೊಂದು ಪ್ರತಿ ಮಾಡುವುದೆಂದಾಯಿತು. ಆಗ ಕಾಲೇಜು ಓದುತ್ತಿದ್ದ ನಾನು ಬರೆಯಲು ಕುಳಿತೆ, ದೊಡ್ಡಪ್ಪ ಓದಿ ಹೇಳಲು.

ಕೆಲಸ ನಾವಂದುಕೊಂಡಂತೆ ಬೇಗ ಮುಗಿಯಲಿಲ್ಲ. ಪ್ರತಿ ಹೆಸರಿಗೂ ದೊಡ್ಡಪ್ಪ ನಿಲ್ಲುತ್ತಿದ್ದರು. ಇವರು ಗಾಡಿ ಕಟ್ಟಿಕೊಂಡು ರಾತ್ರಿಯೆಲ್ಲ ಬಂದವರು. ಈ ಮನೆಯವರಿಗೆ ಆ ವರ್ಷ ಭತ್ತವೇ ಆಗಿರಲಿಲ್ಲ, ಆದರೂ ಐವತ್ತೊಂದು ಕೊಟ್ಟರು. ಕೆಲವು ಹೆಸರುಗಳ ಮನೆಯೇ ಈಗ ಆ ಊರಲ್ಲಿರಲಿಲ್ಲ. ಬೆಂಗಳೂರಿಗೆ ಹೋದವರು, ಸಂತಾನವಿಲ್ಲದೆ ಹೋದವರು. ಅವನ್ನು ಬಿಡಲೇ ದೊಡ್ಡಪ್ಪ, ಎಂದು ಕೇಳಿದೆ.

"ಬರ್ಕೋ ಮಾರಾಯ. ಅವ್ರು ಇಲ್ದಿದ್ರೆ ಎಂತಾಯ್ತು? ಅಕ್ಕತಂಗಿ ಮಕ್ಕಳಾದ್ರೂ ಇರ್ತಾರೆ."

ಒಂದು ಸಾಲನ್ನೂ ಬಿಡದೆ ಬರೆದೆವು. ಆ ಪ್ರತಿ ಈಗ ನಮ್ಮ ಮನೆಯ ಬೀರುವಿನಲ್ಲಿದೆ. ಬರುವ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲೊಂದು ಮದುವೆಯಿದೆ, ಹುಡುಗಿಯ ಅಜ್ಜ ನಮ್ಮ ಅಕ್ಕನ ಮದುವೆಗೆ ತಾಮ್ರದ ಹಂಡೆ ಹೊರೆಸಿಕೊಂಡು ಬಂದಿದ್ದರೆಂದು ಪುಸ್ತಕ ಹೇಳುತ್ತದೆ. ಅವರ ಫ್ಲ್ಯಾಟಿನಲ್ಲಿ ಹಂಡೆ ಇಡುವ ಒಲೆಯಿಲ್ಲ. ಹಂಡೆಗೆ ಸಮನಾಗಿ, ಒಂದು ಕೈ ಹೆಚ್ಚಾಗಿ ಏನು ಕೊಡಬೇಕೆಂದು ಅಮ್ಮ ಇನ್ನೂ ತೀರ್ಮಾನಿಸಿಲ್ಲ. ನಿನ್ನೆ ಸಂಜೆಯೂ ಅಕ್ಕನಿಗೆ ಫೋನ್ ಮಾಡಿ ಕೇಳುತ್ತಿದ್ದಳು.